ಇಂಚರಾಳ ಕೈಗೆ ಎಟುಕಿದಷ್ಟು

ಇಲಾಖೆಯಿಂದ ನಮ್ಮ ಶಾಲೆಗೆ ಬಂದ ವಿಜ್ಞಾನದ ಪೆಟ್ಟಿಗೆ ಹದಿನೈದು ದಿನ ಹೆಡ್‌ಮಾಸ್ತರ ಕೋಣೆಯಲ್ಲಿ ಸೀಲು ಒಡೆಯದೆ ಕೂತಿತ್ತು. ಕೊನೆಗೂ ಒಡೆದು ನೋಡಿದರೆ ಒಳಗಿನ ಕಬ್ಬಿಣದ ಸರಳು ಬೆಂದ ಶಾವಿಗೆಯ ಹಾಗೆ ಮುದುರಿಕೊಂಡಿದೆ, ಐವತ್ತು ಗ್ರಾಮಿನ ಕಬ್ಬಿಣದ ತೂಕದ ಕಲ್ಲು ನೂರು ಗ್ರಾಮಿನದರ ಮೈಗೆ ಒರಗಿ ಅಂಟಿಕೊಂಡಿದೆ, ಮರದ ತುಂಡುಗಳ ಮೇಲೆ ಪೆಟ್ಟಿಗೆಯ ಮುಚ್ಚಳದ ಅಚ್ಚೊತ್ತಿದೆ. ಹೆಡ್‌ಮಾಸ್ತರು ಹೊರಗಿನವರು, ಬಂದು ತಿಂಗಳೂ ಆಗಿರಲಿಲ್ಲ. "ಡಿಫೆಕ್ಟ್ ಪೀಸ್ ಕಳಿಸಿದ್ದಾರೆ, ವಾಪಸ್ ಮಾಡ್ಬೇಕು" ಎಂದು ಹಾರಾಡಿದರು. "ದಿನಾ ಒಂದ್ಸಲ ತೆಗೆದು ಕೈಯಾಡಿಸಬೇಕಿತ್ತು ಸಾರ್. ಯಾರೂ ಮುಟ್ಟದೆ ಇಟ್ರೆ ಇನ್ನೇನಾಗುತ್ತೆ?" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಬಾಡಿಗೆ ಮನೆಯ ಮಂಚದ ಕಾಲು ಇನ್ನೂ ಕುಸಿದಿರಲಿಲ್ಲವೇನೋ.

ನಮ್ಮೂರಲ್ಲಿ ಮನುಷ್ಯರ ಕೈ ತಾಕದ ವಸ್ತು ಮೆತ್ತಗಾಗುತ್ತದೆ. ಮರಕ್ಕೆ ಎರಡು ಮೂರು ದಿನ ಸಾಕು, ಕಬ್ಬಿಣಕ್ಕೆ ವಾರ ಬೇಕು, ಕಲ್ಲಿಗೆ ಸ್ವಲ್ಪ ಜಂಬ ಜಾಸ್ತಿ, ತಿಂಗಳು ತಡೆಯುತ್ತದೆ. ಆಮೇಲೆ ಮುಟ್ಟಿದರೆ ಮತ್ತೆ ಗಟ್ಟಿಯಾಗುತ್ತದೆ ನಿಜ, ಆದರೆ ಯಾವ ಆಕಾರಕ್ಕೆ ಬಂದಿತ್ತೋ ಆ ಆಕಾರದಲ್ಲೇ. ಹಾಗಾಗಿ ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮುಂಚೆ ಕೈಸುತ್ತು ಮುಗಿಸುತ್ತಾರೆ. ಹೊಸಿಲು, ಬಾಗಿಲು, ಗೋಡೆ, ಕಪಾಟು, ಪಾತ್ರೆ ಪಗಡೆ ಎಲ್ಲದರ ಮೇಲೂ ಅಂಗೈ ಸವರಿಕೊಂಡು ಬರುವುದು. ಒಂದು ಸವರಿಕೆ ಸುತ್ತ ನಾಲ್ಕು ಬೆರಳಿನಷ್ಟು ಜಾಗವನ್ನು ಹಿಡಿದಿಡುತ್ತದೆ, ಅಷ್ಟೇ. ಬೇರೆ ಊರುಗಳಲ್ಲಿ ಹೆಂಗಸರನ್ನು ತಿಂಗಳಿಗೆ ಮೂರು ದಿನ ಹೊರಗೆ ಕೂರಿಸುತ್ತಿದ್ದರಂತೆ. ನಮ್ಮಲ್ಲಿ ಆ ಶಾಸ್ತ್ರ ಬೇರೂರಲೇ ಇಲ್ಲ. ಸೊಸೆ ಮೂರು ದಿನ ಏನನ್ನೂ ಮುಟ್ಟದೆ ಕೂತರೆ ಊಟಕ್ಕೆ ಕೂತವರು ಮಣೆಯೊಳಗೆ ಹೂತುಹೋಗುತ್ತಾರೆಂದು ಅತ್ತೆಯರು ತಾವಾಗಿಯೇ ಮಡಿ ಮೈಲಿಗೆ ಮರೆತರು. ಹೆಣ್ಣು ನೋಡಲು ಬಂದವರು ಇಲ್ಲಿ ಹಾಡು ಬರುತ್ತಾ ಎಂದು ಕೇಳುವುದಿಲ್ಲ, ಬಾಗಿಲ ಪಕ್ಕ ನಿಲ್ಲಿಸಿ ಕೈ ಎತ್ತಿಸುತ್ತಾರೆ. ನಾನೋ ಕುಳ್ಳಿ. ಎಷ್ಟೋ ಗಂಡುಗಳು ಉಪ್ಪಿಟ್ಟು ತಿಂದು, ನನ್ನ ಬೆರಳ ತುದಿ ನೋಡಿ, ಕೈ ತೊಳೆದುಕೊಂಡು ಹೋದರು. ಕೊನೆಗೆ ಬಂದ ನಮ್ಮೆಜಮಾನರು ಮಾತ್ರ "ಮೇಲಿಂದು ನಾನ್ ನೋಡ್ಕೋತೀನಿ, ಕೆಳಗಿಂದು ಅವಳು ನೋಡ್ಕೊಳ್ಳಿ" ಎಂದರು. ಹಾಗೆಯೇ ನಡೆದುಕೊಂಡು ಬಂದಿದೆ.

ಇನ್ನೊಂದು ಮಾತು ನಮ್ಮೂರಲ್ಲಿ ತಲೆತಲಾಂತರದಿಂದ ಇದೆ. ಮಕ್ಕಳ ಕೈ ಲೆಕ್ಕಕ್ಕಿಲ್ಲ. ಹನ್ನೆರಡು ತುಂಬುವವರೆಗೆ ಮಗು ಏನನ್ನು ಮುಟ್ಟಿದರೂ ಗಾಳಿ ಮುಟ್ಟಿದ ಹಾಗೆ ಅಂತ. ಯಾರೂ ಪರೀಕ್ಷೆ ಮಾಡಿ ಹೇಳಿದ್ದಲ್ಲ. ಮಕ್ಕಳಿರುವ ಮನೆಯಲ್ಲಿ ದೊಡ್ಡವರೂ ಇರುತ್ತಾರೆ, ದೊಡ್ಡವರು ಎಲ್ಲವನ್ನೂ ಮುಟ್ಟುತ್ತಾರೆ, ಹಾಗಿರುವಾಗ ಮಗುವಿನ ಕೈಯದನ್ನು ಬೇರೆ ಮಾಡಿ ನೋಡುವ ಪುರಸೊತ್ತು ಯಾರಿಗಿತ್ತು? ನಾನೂ ನಂಬಿದ್ದೆ. ಇಪ್ಪತ್ತೈದು ವರ್ಷ ಪಾಠ ಮಾಡಿದ ಮೇಲೂ ನಂಬಿದ್ದೆ.

ನಾನು ನಾಲ್ಕನೇ ತರಗತಿಯ ಮೇಡಂ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ವಸ್ತುಗಳ ಗುಣ ಮತ್ತು ಅಳತೆಯ ಪಾಠಕ್ಕೆ ಬಂದಿದ್ದೆವು. ಪುಸ್ತಕದಲ್ಲಿ "ಕಬ್ಬಿಣ ಗಟ್ಟಿಯಾದ ವಸ್ತು" ಎಂದು ಓದಿದ ಕೂಡಲೇ ಮೊದಲ ಬೆಂಚಿನ ಗಗನ್ ಎದ್ದು ನಿಂತ. "ಮುಟ್ಟಿದ ಕಬ್ಬಿಣಾನಾ, ಮುಟ್ಟದ ಕಬ್ಬಿಣಾನಾ ಮಿಸ್?" ಪುಸ್ತಕ ಬರೆದವರು ನಮ್ಮೂರಿಗೆ ಬಂದವರಲ್ಲ, ಏನು ಹೇಳಲಿ? ಪೆಟ್ಟಿಗೆಯ ಸರಳನ್ನು ನೆಟ್ಟಗೆ ಮಾಡಿ, ಮರದ ತುಂಡುಗಳನ್ನು ತಟ್ಟಿ ಸರಿಪಡಿಸಿ, ಒಂದು ವಾರ ಕೈಯಾಡಿಸಿ ಎಲ್ಲವನ್ನೂ ಗಟ್ಟಿ ಮಾಡಿಕೊಂಡೆ. ಆಮೇಲೆ ಮಕ್ಕಳ ಕೈಗೆ ಕೊಟ್ಟೆ. ಮೊದಲು ಮೇಜನ್ನು ಗೇಣಿನಲ್ಲಿ ಅಳೆಯಿರಿ ಎಂದೆ. ಒಬ್ಬರಿಗೆ ಬಂದಷ್ಟು ಇನ್ನೊಬ್ಬರಿಗೆ ಬರಲಿಲ್ಲ. "ನಿನ್ ಗೇಣು ಮೋಸದ್ದು ಕಣೋ" ಎಂದು ಹೊಡೆದಾಟಕ್ಕೇ ನಿಂತರು. ಅಳತೆಪಟ್ಟಿ ಕೊಟ್ಟಾಗ ಎಲ್ಲರಿಗೂ ಒಂದೇ ಸಂಖ್ಯೆ ಬಂತು, ಜಗಳ ಮುಗಿಯಿತು. ಹಾಗಾದರೆ ಗಟ್ಟಿತನವನ್ನು ಹೇಗೆ ಅಳೆಯುವುದು? ಊರಲ್ಲಿ ಎಲ್ಲರೂ ಹೆಬ್ಬೆಟ್ಟು ಒತ್ತಿ ನೋಡುತ್ತಾರೆ. ಹೆಬ್ಬೆಟ್ಟೂ ಗೇಣಿನ ಹಾಗೇ, ಒಬ್ಬೊಬ್ಬರದು ಒಂದೊಂದು ಬಲ. ಕೊನೆಗೆ ಗೋಣಿಚೀಲ ಹೊಲಿಯುವ ದಬ್ಬಳವನ್ನು ಒಂದು ಬೆಂಡಿಗೆ ಚುಚ್ಚಿ, ಬೆಂಡಿನ ಮೇಲೆ ನೂರು ಗ್ರಾಮಿನ ಕಲ್ಲಿಟ್ಟು, ಹತ್ತು ಎಣಿಸುವಷ್ಟರಲ್ಲಿ ದಬ್ಬಳ ಎಷ್ಟು ಮಿಲಿಮೀಟರ್ ಇಳಿಯುತ್ತದೆ ಎಂದು ನೋಡುವುದಾಯಿತು. ಅದೇ ದಬ್ಬಳ, ಅದೇ ತೂಕ, ಅದೇ ಎಣಿಕೆ. ಗಗನ್ ಬೇಗ ಬೇಗ ಎಣಿಸುತ್ತಾನೆಂದು ಅವನ ಕೈಯಿಂದ ಆ ಕೆಲಸ ಕಿತ್ತುಕೊಂಡರು.

ಸೋಮವಾರ ಎರಡು ಮರದ ತುಂಡು ಇಟ್ಟೆ. ಒಂದನ್ನು ನಾನು ದಿನಾ ಮುಟ್ಟುವುದು, ಇನ್ನೊಂದನ್ನು ಯಾರೂ ಮುಟ್ಟದಿರುವುದು. "ಬೇಕಂತ ಮುಟ್ಟದೆ ಬಿಡೋದು ಪಾಪ ಅಲ್ವಾ ಮಿಸ್?" ಎಂದು ಮಕ್ಕಳು ಗಾಬರಿಯಾದರು. ಪಾಪ ಬಂದರೆ ನನ್ನ ತಲೆಗೆ ಬರಲಿ ಎಂದೆ. ಆಗ ಕಿಟಕಿಯ ಪಕ್ಕ ಕೂರುವ ಇಂಚರಾ ಕೈ ಎತ್ತಿದಳು. ವರ್ಷವೆಲ್ಲ ಕೈ ಎತ್ತದ ಹುಡುಗಿ. "ಮಿಸ್, ಮೂರ್ನೇದು ಒಂದಿಡಿ. ಅದನ್ನ ನಾನೊಬ್ಳೇ ಮುಟ್ತೀನಿ." ತರಗತಿಯೆಲ್ಲ ನಕ್ಕಿತು. ನನಗೂ ನಗು ಬಂತು, ಆದರೂ ಕೂಸಿನ ಮನಸ್ಸು ಯಾಕೆ ನೋಯಿಸಬೇಕೆಂದು ಒಂದು ತುಂಡನ್ನು ಅವಳ ಹೆಸರು ಬರೆದು ಇಟ್ಟೆ. ಬೆಳಿಗ್ಗೆ ಅವಳು ಬಂದು ಅದರ ಮೇಲೆ ಅಂಗೈಯಿಟ್ಟು, ಬಾಯಲ್ಲಿ ಏನೋ ಅಂದುಕೊಂಡು ಹೋಗುತ್ತಿದ್ದಳು.

ಶುಕ್ರವಾರ ಅಳೆದೆವು. ಯಾರೂ ಮುಟ್ಟದ ತುಂಡಿನಲ್ಲಿ ದಬ್ಬಳ ಹನ್ನೊಂದು ಮಿಲಿಮೀಟರ್ ಇಳಿಯಿತು. ನಾನು ಮುಟ್ಟಿದ್ದರಲ್ಲಿ ಇಳಿಯಲಿಲ್ಲ. ಇಂಚರಾಳದ್ದರಲ್ಲೂ ಇಳಿಯಲಿಲ್ಲ. "ಮಿಸ್, ಇವಳ್ದು ಇಳೀತಾನೇ ಇಲ್ಲ!" ಎಂದು ಗಗನ್ ಕಿರುಚಿದ. ನಾನೇ ಮರೆತು ಮುಟ್ಟಿರಬೇಕೆಂದು ಮುಂದಿನ ವಾರ ಮತ್ತೆ ಮಾಡಿಸಿದೆ, ಈ ಸಲ ಪ್ರತಿ ಮಗುವಿಗೂ ಒಂದು ತುಂಡು, ಮಕ್ಕಳು ಮುಟ್ಟಿದ ಮೇಲೆ ಕಪಾಟಿಗೆ ಬೀಗ, ನಾನು ಕೈ ಕಟ್ಟಿಕೊಂಡು ದೂರ. ಒಂದರಲ್ಲೂ ದಬ್ಬಳ ಇಳಿಯಲಿಲ್ಲ. ಮಕ್ಕಳಿಗೆ ಹುಚ್ಚೇ ಹಿಡಿಯಿತು. ಕಿಟಕಿ ಸರಳು, ಗಂಟೆ, ಹೆಡ್‌ಮಾಸ್ತರ ಸೈಕಲ್ಲು, ಎಲ್ಲದರ ಮೇಲೂ ಕೈಯಿಟ್ಟು "ನಂದು ಲೆಕ್ಕಕ್ಕೈತೆ, ನಂದು ಲೆಕ್ಕಕ್ಕೈತೆ" ಎಂದು ಕುಣಿದರು. ಇಂಚರಾ ಮಾತ್ರ ಬೆಂಚಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು.

ಹತ್ತಿರ ಹೋಗಿ ಕೂತೆ. "ಯಾಕವ್ವಾ?"

"ಹಂಗಾದ್ರೆ ನಾನ್ ಮುಟ್ಟಿದ್ದು ಲೆಕ್ಕಕ್ಕೈತಾ ಮಿಸ್?"

"ಐತಲ್ಲ, ನೀನೇ ನೋಡ್ದೆ."

"ಮರದ ತುಂಡಲ್ಲ. ನಮ್ಮನೆ."

ಇಂಚರಾಳ ಅಪ್ಪ ಇಲ್ಲ. ಅಮ್ಮ ದಾಕ್ಷಾಯಿಣಿ ಬಟ್ಟೆ ಹೊಲಿಯುತ್ತಾಳೆ. ದಸರಾ ರಜೆಯಲ್ಲಿ ಹೆಂಚು ಮುಟ್ಟಲು ಏಣಿ ಹತ್ತಿದವಳು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅಂದಿನಿಂದ ದೂರದ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಾಳೆ. ಮಗಳನ್ನು ಚಿಕ್ಕಪ್ಪ ತಿಮ್ಮರಾಜು ಕರೆದುಕೊಂಡು ಹೋದ, ಮನೆಗೆ ಬೀಗ ಬಿತ್ತು. ನಮ್ಮೂರಲ್ಲಿ ಬೀಗ ಬಿದ್ದ ಮನೆ ನೆರೆಯವರ ಮೇಲೆ ಕುಸಿಯುತ್ತದೆ, ಅದಕ್ಕೇ ಒಂದು ಕಟ್ಟಳೆಯಿದೆ. ಮೂರು ತಿಂಗಳು ಕಳೆದ ಮೇಲೆ ಪಂಚರು ಬಂದು ಬಾಗಿಲ ಚೌಕಟ್ಟಿಗೆ ಹೆಬ್ಬೆಟ್ಟು ಒತ್ತುತ್ತಾರೆ. ಇಳಿದರೆ ಮನೆ ಖಾಲಿ ಎಂದು ಲೆಕ್ಕ, ಕೈಯಿಟ್ಟು ಕಾಪಾಡಲು ಮುಂದೆ ಬಂದವರಿಗೆ ಸೇರುತ್ತದೆ. ಯಾರ ಕೈ ಮನೆಯನ್ನು ಹಿಡಿದು ನಿಲ್ಲಿಸುತ್ತದೋ ಅವರಿಗೆ ಪಾಲು. ಸಂಕ್ರಾಂತಿಯಾದ ಮೇಲೆ ಪಂಚರು ಒತ್ತಿ ನೋಡಿದ್ದರು, ಹೆಬ್ಬೆಟ್ಟು ಬುಡದವರೆಗೆ ಇಳಿದಿತ್ತು. ಬರುವ ಸೋಮವಾರ ಮನೆ ತಿಮ್ಮರಾಜುವಿನದಾಗುವುದಿತ್ತು.

"ಅಮ್ಮ ಬಿದ್ದಾಗ ಬೀಗದ ಕೈ ನನ್ ಕೈಗೆ ಕೊಟ್ಟಿದ್ಲು ಮಿಸ್. ನಾನ್ ದಿನಾ ಸ್ಕೂಲ್ ಬಿಟ್ಮೇಲೆ ಹೋಗಿ ಎಲ್ಲಾ ಮುಟ್ಟಿ ಬತ್ತಿದ್ದೆ. ಚಿಕ್ಕಮ್ಮಂಗೆ ಹೇಳಿದ್ರೆ ಬಯ್ತಾರೆ, ಬೀಗ ಹಾಕಿದ್ ಮನೇಗೆ ಮಕ್ಕಳು ಹೋಗ್ಬಾರ್ದಲ್ಲ. ನನ್ ಕೈ ಲೆಕ್ಕಕ್ಕಿಲ್ಲ ಅಂತ ಗೊತ್ತಿತ್ತು. ಆದ್ರೂ ಮುಟ್ಟಿದೆ." ಮೂಗು ಒರೆಸಿಕೊಂಡಳು. "ಅಮ್ಮ ವಾಪಸ್ ಬಂದ್ರೆ ನಮ್ಮನೇಗೇ ನೆಂಟ್ರಾಗಿ ಬರ್ಬೇಕಾ ಮಿಸ್?"

ಲೆಕ್ಕಕ್ಕಿಲ್ಲ ಎಂದು ಗೊತ್ತಿದ್ದೂ ಮೂರು ತಿಂಗಳು ದಿನ ತಪ್ಪದೆ ಹೋಗಿ ಗೋಡೆ ಸವರಿ ಬಂದ ಮಗು ನನ್ನ ತರಗತಿಯಲ್ಲೇ ಕೂತಿತ್ತು, ನಾನು ಅದಕ್ಕೆ ಗೇಣು ಮೊಳ ಹೇಳಿಕೊಡುತ್ತಿದ್ದೆ.

ಅಂದು ಸಂಜೆ ಅವಳ ಜೊತೆ ಹೋದೆ. ಕೆರೆಯ ಹಿಂದಿನ ಬೀದಿಯ ಪುಟ್ಟ ಮನೆ. ಸೂರು ಜೋತುಬಿದ್ದು ಹೆಂಚುಗಳು ಒಂದರ ಮೇಲೊಂದು ಹರಿದುಕೊಂಡಿದ್ದವು. ಒಳಗೆ ಕಾಲಿಟ್ಟರೆ ಅಡಿಗೆಮನೆಯ ಮೇಲಿನ ಹಲಗೆಯ ಪಾತ್ರೆಗಳು ಸೊಟ್ಟಗಾಗಿ ಅಂಚಿನಿಂದ ಇಳಿಬಿದ್ದಿದ್ದವು. ಕೆಳಗಿನ ಹಲಗೆಯ ಪಾತ್ರೆಗಳು ನೆಟ್ಟಗೆ, ದುಂಡಗೆ, ಸಾಲಾಗಿ ನಿಂತಿದ್ದವು. ಹೊಲಿಗೆ ಯಂತ್ರ ಗಟ್ಟಿ. ಮಂಚ ಗಟ್ಟಿ. ಗೋಡೆಯ ಮೇಲೆ ದಾಕ್ಷಾಯಿಣಿಯ ಗಂಡನ ಫೋಟೋದ ಕಟ್ಟು ಮೇಲ್ಗಡೆ ಬಗ್ಗಿತ್ತು, ಕೆಳಗಡೆ ನೇರವಾಗಿತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದಾಗ ಇಂಚರಾ ಮೆಲ್ಲಗೆ ಅಂದಳು, "ಮೇಲಕ್ಕೆ ಎಟುಕ್ಲಿಲ್ಲ ಮಿಸ್. ಕೋಲಲ್ಲಿ ಮುಟ್ಟಿ ನೋಡ್ದೆ, ಕೋಲಲ್ಲಿ ಆಗಲ್ಲ. ಸ್ಟೂಲ್ ಹಾಕಿ ಹತ್ತಕ್ಕೆ ಹೋದ್ರೆ ಅಮ್ಮ ಬಿದ್ದಿದ್ದೇ ಕಣ್ಮುಂದೆ ಬತ್ತದೆ."

ಸಿಟ್ಟು ತಡೆಯಲಾಗದೆ ಅಲ್ಲಿಂದ ನೇರ ತಿಮ್ಮರಾಜುವಿನ ಮನೆಗೆ ನಡೆದೆ, ಎರಡು ಮಾತು ಬಿಗಿಯಾಗಿ ಹೇಳಿಯೇ ಬರುವುದೆಂದು. ತಿಮ್ಮರಾಜು ಲೈನ್‌ಮನ್. ಊರಲ್ಲಿ ಅವನಷ್ಟು ಎತ್ತರದವರಿಲ್ಲ, ಕರೆಂಟಿನವರು ಅವನಿಗೆ ಏಣಿಯನ್ನೇ ಕೊಟ್ಟಿಲ್ಲ ಎಂದು ತಮಾಷೆ ಮಾಡುತ್ತಾರೆ. ಎಣ್ಣೆಗಾಣದ ಹಿಂದೆ ಒಂದೇ ಕೋಣೆಯ ಮನೆ. ಸೀರೆಯ ಜೋಲಿಯಲ್ಲಿ ಅವಳಿ ಕೂಸುಗಳು ಒಂದಾದ ಮೇಲೊಂದು ಅಳುತ್ತಿದ್ದವು. ಹೆಂಡತಿ ಸುಕನ್ಯಾ ಒಲೆಗೂ ಜೋಲಿಗೂ ನಡುವೆ ತಿರುಗಲು ಜಾಗವಿಲ್ಲದೆ ಒರಗಿ ನಿಂತಿದ್ದಳು. ಇವನು ಕಾಲು ಚಾಚಿದರೆ ಪಾದ ಬಾಗಿಲ ಆಚೆ. ಬಿಗಿಯಾಗಿ ಹೇಳಬೇಕೆಂದಿದ್ದನ್ನು ಬಿಟ್ಟು ಮನೆಯ ವಿಷಯ ಮೆಲ್ಲಗೆ ಕೇಳಿದೆ.

"ನಾನ್ ತಗೊಳ್ದಿದ್ರೆ ಗಾಣದ ಸಾವ್ಕಾರ್ರು ತಗೊಂಡು ಗೋಡೋನ್ ಮಾಡ್ತಾರೆ ಮೇಡಂ" ಎಂದ. "ಅತ್ತಿಗೆ ಬಂದ್ರೆ ನಾನೇನು ಆಚೆ ಹಾಕ್ತೀನಾ? ಮೂಲೇಲಿ ಇರ್ತಾರೆ. ನಾನೇ ಹೆಬ್ಬೆಟ್ಟಿಟ್ಟು ನೋಡಿವ್ನಿ, ಚೌಕಟ್ಟು ಬೆಣ್ಣೆ ಆಗೈತೆ."

ಅವನು ಒತ್ತಿ ನೋಡಿದ್ದು ಅವನ ಎತ್ತರಕ್ಕೆ. ಪಂಚರು ಒತ್ತಿ ನೋಡಿದ್ದು ಕೈಯೆತ್ತಿ ಅವರ ತಲೆಗಿಂತ ಮೇಲೆ. ಇಂಚರಾಳ ಸುದ್ದಿ ಹೇಳಿದೆ. "ಮಕ್ಕಳ ಕೈಯಾ?" ಎಂದು ಅವನು ನಕ್ಕ. ಕೆಟ್ಟ ನಗುವಲ್ಲ. ಹದಿನೈದು ದಿನದ ಹಿಂದೆ ನಾನು ನಕ್ಕ ನಗು ಅದೇ.

ಸೋಮವಾರ ಇಡೀ ನಾಲ್ಕನೇ ತರಗತಿಯನ್ನು ಸಾಲಾಗಿ ನಡೆಸಿಕೊಂಡು ಆ ಮನೆಯ ಮುಂದೆ ಹೋದೆ. ಹೆಡ್‌ಮಾಸ್ತರು ಬೇಡವೆನ್ನಬಹುದೆಂದು ಕೇಳಲೇ ಇಲ್ಲ, ಹೊರಗಡೆ ಪಾಠ ಎಂದಷ್ಟೇ ಹೇಳಿದೆ. ಪಂಚರಲ್ಲಿ ಹಿರಿಯರಾದ ಮುದ್ದೂರಯ್ಯನವರು ಆಗಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ತಿಮ್ಮರಾಜು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ, ಸುಕನ್ಯಾ ಎರಡೂ ಕೂಸುಗಳನ್ನು ಸೊಂಟದ ಎರಡೂ ಬದಿಗೆ ಹಾಕಿಕೊಂಡಿದ್ದಳು.

"ಇದೇನ್ ಮೇಡಂ, ದಂಡೇ ಬಂತಲ್ಲ" ಎಂದರು ಮುದ್ದೂರಯ್ಯ.

"ಅಳತೆ ಪಾಠ ಅಣ್ಣಾ. ಚೌಕಟ್ಟು ಅಳೀಬೇಕು."

"ಅಳೆದಾಗೈತೆ. ಈ ಹೆಬ್ಬೆಟ್ಟು ಎಷ್ಟು ಮನೆ ನೋಡೈತೆ ಗೊತ್ತಾ?"

"ಮೇಲೆ ನೋಡೈತೆ. ಕೆಳಗೆ ನೋಡೈತಾ?"

ಅವರು ಹುಬ್ಬೇರಿಸಿದರು. ಕೆಳಗೆ ಯಾತಕ್ಕೆ ನೋಡಬೇಕು ಎನ್ನುವುದು ಅವರ ಪ್ರಾಮಾಣಿಕವಾದ ಪ್ರಶ್ನೆಯಾಗಿತ್ತು. ದೊಡ್ಡವರು ಮುಟ್ಟದ ಮನೆಯಲ್ಲಿ ಮೇಲಾದರೇನು, ಕೆಳಗಾದರೇನು? ಅಷ್ಟರಲ್ಲಿ ಗಗನ್ ದಬ್ಬಳ, ಕಲ್ಲು ಹಿಡಿದು ಬಾಗಿಲ ಬಳಿ ಹೋಗಿಯಾಗಿತ್ತು. ನಿಂತ ಚೌಕಟ್ಟಿಗೆ ದಬ್ಬಳದ ಮೇಲೆ ತೂಕ ಇಡುವುದು ಹೇಗೆ ಎಂದು ಒಂದು ಗಳಿಗೆ ಎಲ್ಲರೂ ಪೆಚ್ಚಾದರು. ಅಷ್ಟು ಯೋಚನೆ ನಾನೂ ಮಾಡಿರಲಿಲ್ಲ. ಹಿಂದಿನಿಂದ ಯಾವುದೋ ಹುಡುಗಿ "ಕಲ್ಲನ್ನ ದಾರಕ್ಕೆ ಕಟ್ಟಿ ಉಯ್ಯಾಲೆ ಥರ ಬಿಡಣ, ಬಂದು ದಬ್ಬಳಕ್ಕೆ ಹೊಡೀಲಿ" ಎಂದಳು. ಪ್ರತಿ ಸಲ ಒಂದೇ ದೂರದಿಂದ ಬಿಡಬೇಕು ಎಂದು ಇನ್ನೊಬ್ಬ. ಅದಕ್ಕೂ ಪಟ್ಟಿ ಹಿಡಿದರು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಮೇಡಂ ಆದವಳಿಗೆ ಅದಕ್ಕಿಂತ ದೊಡ್ಡ ಸುಖ ಇಲ್ಲ.

ಮೇಲಿನ ಭಾಗಕ್ಕೆ ನಾನು ಕುರ್ಚಿ ಕೇಳಿದೆ. ಮುದ್ದೂರಯ್ಯ ಗೊಣಗುತ್ತ ಎದ್ದು ತಮ್ಮದನ್ನೇ ಕೊಟ್ಟರು. ಗಗನ್ ಹತ್ತಿ ಚುಚ್ಚಿದ, ದಬ್ಬಳ ಪೂರ್ತಿ ಒಳಗೆ ಹೋಯಿತು. ಒಂದು ಗೇಣು ಕೆಳಗೆ, ಪೂರ್ತಿ ಒಳಗೆ. ಇನ್ನೊಂದು ಗೇಣು ಕೆಳಗೆ, ಹಾಗೇ. ಪಂಚರು ನಗತೊಡಗಿದರು. ಇಂಚರಾ ನನ್ನ ಸೆರಗು ಹಿಡಿದುಕೊಂಡಳು. ಮತ್ತೊಂದು ಗೇಣು ಕೆಳಗೆ ಚುಚ್ಚಿದಾಗ ಕಲ್ಲು ಬಂದು ಬಡಿದ ಸದ್ದೇ ಬೇರೆಯಾಯಿತು, ಟಕ್ ಎಂದಿತು. ದಬ್ಬಳ ಜಾರಿ ನೆಲಕ್ಕೆ ಬಿತ್ತು. ಅದರ ಕೆಳಗೆ ಟಕ್. ಅದರ ಕೆಳಗೂ ಟಕ್. ಬೆರಳು ಬೆರಳಿಗೆ ಚುಚ್ಚಿ ಎಲ್ಲಿಂದ ಗಟ್ಟಿ ಶುರುವಾಗುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಬಲಗಡೆಯ ಚೌಕಟ್ಟಿನಲ್ಲೂ ಗೆರೆ ಅಷ್ಟೇ ಎತ್ತರಕ್ಕೆ ಬಂತು. ಕಿಟಕಿಯಲ್ಲೂ, ಹಿತ್ತಿಲ ಬಾಗಿಲಲ್ಲೂ ಅಷ್ಟೇ.

ಮುದ್ದೂರಯ್ಯನವರ ನಗು ನಿಂತಿತ್ತು. "ಯಾರೋ ಕುಳ್ಳಗಿರೋ ದೊಡ್ಡವರು ಬಂದು ಮುಟ್ಟವ್ರೆ" ಎಂದು ನನ್ನ ಕಡೆ ನೋಡಿದರು. ಎಷ್ಟೋ ವರ್ಷಗಳ ಮೇಲೆ ನಾನು ಮತ್ತೆ ಬಾಗಿಲ ಪಕ್ಕ ನಿಂತು ಕೈ ಎತ್ತಿದೆ. ನನ್ನ ಬೆರಳು ಗೆರೆಗಿಂತ ಒಂದೂವರೆ ಗೇಣು ಮೇಲೆ ಹೋಯಿತು. ಈ ಊರಲ್ಲಿ ನನ್ನ ಎತ್ತರ ಸಾಕಷ್ಟಾಗಿದ್ದು ಅದೇ ಮೊದಲು. ಆಮೇಲೆ ಇಂಚರಾಳನ್ನು ನಿಲ್ಲಿಸಿದೆ. ಅವಳು ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಬೆರಳ ತುದಿಯಿಂದ ಗೆರೆಗೆ ನಾಲ್ಕು ಬೆರಳು, ಒಂದು ಸವರಿಕೆ ಹಿಡಿದಿಡುವಷ್ಟೇ.

ತಿಮ್ಮರಾಜು ಮುಂದೆ ಬಂದು ಬಗ್ಗಿ, ಬಹಳ ಬಗ್ಗಿ, ಗೆರೆಯಿಂದ ಹೊಸಿಲಿನವರೆಗೆ ಹೆಬ್ಬೆಟ್ಟು ಒತ್ತಿದ. ಉಗುರು ಬೆಳ್ಳಗಾಗುವಷ್ಟು ಒತ್ತಿದ. ಆಮೇಲೆ ಅಣ್ಣನ ಮಗಳ ಕಡೆ ತಿರುಗಿ, "ದಿನಾ ಬತ್ತಿದ್ದಾ?" ಎಂದ.

"ಹೂಂ ಚಿಕ್ಕಪ್ಪ."

"ಸ್ಪೆಷಲ್ ಕ್ಲಾಸು ಅಂತಿದ್ದಲ್ಲೇ?"

ಅವಳು ತಲೆ ತಗ್ಗಿಸಿದಳು.

ಮುದ್ದೂರಯ್ಯ ಕೆಮ್ಮಿದರು. ಅವರು ದೊಡ್ಡ ಮನುಷ್ಯರೇ ಸರಿ, ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನಲಿಲ್ಲ. "ಸರಿ. ಮನೆ ಖಾಲಿ ಅಲ್ಲ, ಒಪ್ದೆ. ಆದ್ರೆ ಮೇಲ್ಗಡೆ? ಇನ್ನೊಂದ್ ವಾರಕ್ಕೆ ತೊಲೆ ಕುಸಿದು ಈ ಕೂಸಿನ ತಲೆ ಮೇಲೇ ಬೀಳ್ತದೆ. ತಿಮ್ಮರಾಜು, ಮೇಲಿಂದು ನೀನು ಮುಟ್ಟಪ್ಪ. ಕೈಯಿಟ್ಟೋರಿಗೆ ಪಾಲು. ಅರ್ಧ ನಿಂದು, ಅರ್ಧ ಅವ್ರದು."

ಅದೂ ನ್ಯಾಯವೇ. ಬಾಗಿಲ ಮೇಲಿನ ಅಡ್ಡಮರ ತಿಮ್ಮರಾಜುವಿನ ಹಣೆಯ ಮುಂದೆಯೇ ಜೋತುಬಿದ್ದಿತ್ತು, ಅವನು ಕೈ ಚಾಚಬೇಕಾಗಿಯೂ ಇರಲಿಲ್ಲ. ಸುಕನ್ಯಾ ಕೂಸುಗಳನ್ನು ಮೇಲಕ್ಕೆ ಸರಿಸಿಕೊಂಡು ಅವನನ್ನೇ ನೋಡುತ್ತಿದ್ದಳು. ಅವನ ಕೈ ಅರ್ಧ ಎದ್ದಿತು. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಂದಕ್ಕೆ ತೆಗೆದ.

"ನಾನ್ ಮುಟ್ಟಲ್ಲ."

"ಏನಂತಿದೀರಾ ನೀವು?" ಎಂದಳು ಸುಕನ್ಯಾ. ದನಿ ಒಡೆದುಹೋಯಿತು. ಆ ಒಂದು ಕೋಣೆ, ಆ ಜೋಲಿ, ಎಲ್ಲ ಆ ದನಿಯಲ್ಲಿದ್ದವು. ನನಗೆ ಅವಳ ಮುಖ ನೋಡಲಾಗಲಿಲ್ಲ.

ತಿಮ್ಮರಾಜು ಇಂಚರಾಳಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತ. "ಹತ್ತು."

ಅವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವನ ಭುಜದ ಮೇಲೆ ಕಾಲು ಇಳಿಬಿಟ್ಟು ಕೂತಳು, ಅವನು ಅವಳ ಎರಡೂ ಪಾದಗಳನ್ನು ಗಟ್ಟಿಯಾಗಿ ಹಿಡಿದು ಎದ್ದು ನಿಂತ. ಇಂಚರಾ ಜೋತುಬಿದ್ದ ಅಡ್ಡಮರವನ್ನು ಮೊದಲು ಎರಡೂ ಕೈಯಿಂದ ಎತ್ತಿ ನೇರ ಮಾಡಿದಳು, ಆಮೇಲೆ ಅಂಗೈ ಸವರಿದಳು. "ಇನ್ನೊಂಚೂರು ಆ ಕಡೆ ಚಿಕ್ಕಪ್ಪ." ಅವನು ಆ ಕಡೆ ಸರಿದ. "ಬೀಳಿಸ್ಬೇಡ." "ಇಲ್ಲ ಕಣೇ." ಹಾಗೇ ಗೋಡೆಯ ಉದ್ದಕ್ಕೂ ಒಂದೊಂದೇ ಹೆಜ್ಜೆ ನಡೆದರು. ಸೂರಿನ ಕೆಳಗಿನ ಒಂದು ಅಂಗುಲವನ್ನೂ ಅವಳು ಬಿಡಲಿಲ್ಲ. ಅವನ ಕೈ ಅವಳ ಪಾದ ಬಿಟ್ಟು ಆಚೆ ಹೋಗಲಿಲ್ಲ.

ಮನೆಯನ್ನು ಒಂದು ಸುತ್ತು ಬಂದು ಸುಕನ್ಯಾಳ ಹತ್ತಿರ ಬಂದಾಗ ಇಂಚರಾ ಮೇಲಿನಿಂದಲೇ ಬಗ್ಗಿ ನೋಡಿದಳು. ಸುಕನ್ಯಾ ಸದ್ದಿಲ್ಲದೆ ಅಳುತ್ತಿದ್ದಳು.

"ಚಿಕ್ಕಮ್ಮಾ," ಎಂದಳು ಇಂಚರಾ, "ಮಕ್ಕಳ ಕೈ ಲೆಕ್ಕಕ್ಕೈತಲ್ಲ. ಪಾಪುಗಳ ಕೈನೂ ಮುಟ್ಟಿಸಿ."

ಮುದ್ದೂರಯ್ಯ ಏನೋ ಹೇಳಲು ಬಾಯಿ ತೆರೆದರು, ದಬ್ಬಳ ಹಿಡಿದು ನಿಂತಿದ್ದ ನನ್ನ ಮಕ್ಕಳ ಕಡೆ ನೋಡಿ ಮುಚ್ಚಿಕೊಂಡರು. ಸುಕನ್ಯಾ ಅರ್ಥವಾಗದವಳ ಹಾಗೆ ನಿಂತಳು, ಆಮೇಲೆ ಗೋಡೆಯ ಹತ್ತಿರ ಹೋಗಿ ಒಂದು ಕೂಸನ್ನು ಮುಂದಕ್ಕೆ ಹಿಡಿದಳು. ಅದು ಮುಷ್ಟಿ ಬಿಚ್ಚಲಿಲ್ಲ. ಅವಳು ಒಂದೊಂದೇ ಬೆರಳು ಬಿಡಿಸಿ, ಆ ಪುಟ್ಟ ಅಂಗೈಯನ್ನು ಗೋಡೆಗೆ ಒತ್ತಿದಳು.